ಐವತ್ತು ಮಿಲಿಸೆಕೆಂಡಿಗೊಮ್ಮೆ ಕಿಟಕಿ

ತ್ಬಿಲಿಸಿಯ ಸೊಲೊಲಾಕಿ ಏರಿನಲ್ಲಿ ಒಂದು ವಠಾರ.
ಮರದ ಮೊಗಸಾಲೆಗಳು ಅಂಗಳಕ್ಕೆ ಬಾಗಿ
ಒಂದರ ಹೆಗಲಿಗೊಂದು ಒರಗಿವೆ.
ಎರಡನೇ ಮಹಡಿಯ ನೆಸ್ತಾನ್
ವೈನ್ ಪರೀಕ್ಷೆಯ ಲ್ಯಾಬಿನಿಂದ ಹೊತ್ತು ತಂದಿದ್ದಾಳೆ
ಸಕ್ಕರೆ ಅಳೆಯುವ ಹಳೇ ಪೆಟ್ಟಿಗೆ.
ಊಟದ ಮೇಜು ಈಗ ಅದರದ್ದು.
ಮೂರು ರಾತ್ರಿಯಿಂದ ನಿಂತೇ ಉಣ್ಣುತ್ತಾಳೆ.

ಪೆಟ್ಟಿಗೆಗೆ ಬರುವುದು ಕಾಮ್ ಎಂಬ ಮುದಿ ನುಡಿಯೊಂದೇ,
ಇವಳಿಗೆ ಪೈಥಾನ್.
"ಅಳತೆ ಮುಗಿದರೆ ನಾನೇ ಕೂಗುತ್ತೇನೆ, ಕಾಯಬೇಡ"
ಎಂದು ಕೈಪಿಡಿಯ ನಲವತ್ತನೇ ಪುಟದಲ್ಲಿ ಮಾತು ಕೊಟ್ಟಿದೆ.
ಕೂಗಿದ್ದೂ ನಿಜ, ಹಸಿರು ದೀಪ ಮಿಟುಕಿತಲ್ಲ.
ಓಗೊಡಲೆಂದೇ ಬರೆದಿಟ್ಟ ಫಂಕ್ಷನ್
ಓ ಅನ್ನಲಿಲ್ಲ.

ಕೋಡು ಸರಳ:
ಅಳೆಯಲು ಹೇಳು. ಅರವತ್ತು ಸೆಕೆಂಡು ಮಲಗು. ಎದ್ದು ನೋಡು.

ಆರೂವರೆಗೆ ಮೊಸರಿನ ವಾರ್ದೋ ಬಂದಳು.
"ಮಾತ್ಸೋನಿ! ಮಾತ್ಸೋನಿ!"
ಮಲಗಿದವರ ಗಾಜಿಗೆ ಬಡಿದ ಕೂಗು
ಜಾರಿ ದ್ರಾಕ್ಷಿ ಚಪ್ಪರದೊಳಗೆ ಬಿತ್ತು.
ಕೆಳಮನೆಯ ಓತಾರ್ ಮಾತ್ರ
ಅರ್ಧ ಕೆನ್ನೆಗೆ ಸೋಪು ಬಳಿದುಕೊಂಡೇ
ಕತ್ತಿಯ ಎರಡೆರಡು ಎಳೆತಕ್ಕೊಮ್ಮೆ ಕಿಟಕಿಯಿಂದ ತಲೆ ಹಾಕುತ್ತಿದ್ದ.
ಮೊದಲ ಜಾಡಿ ಅವನಿಗೇ.

ಥೂ, ಇಷ್ಟೇನಾ, ಅಂದಳು ನೆಸ್ತಾನ್.

ನಿದ್ದೆಯನ್ನು ಚೂರು ಚೂರು ಮಾಡಿದಳು:
ಐವತ್ತು ಮಿಲಿಸೆಕೆಂಡು ಕಣ್ಣು ಮುಚ್ಚು,
ಕಿಟಕಿ ತೆರೆ,
ಹೊರಗೆ ಕಾದಿರುವ ಸುದ್ದಿಯನ್ನೆಲ್ಲ ಒಳಕ್ಕೆ ಬಿಡು,
ಮತ್ತೆ ಮುಚ್ಚು.
ಪರದೆಯ ಮೇಲೆ ಮೂಡಿತು: ಎರಡು ದಶಾಂಶ ಒಂದು.
ಸಪೆರಾವಿ ದ್ರಾಕ್ಷಿ, ಕಳೆದ ವರ್ಷದ್ದು, ಸಿಹಿಯಿಲ್ಲದ್ದು.

ಆಸೆ ಅಲ್ಲಿಗೆ ನಿಲ್ಲುವುದೆ?
ಅಳೆಯುವ ಕೆಲಸಕ್ಕೆ ಬೇರೆಯೇ ಥ್ರೆಡ್ ಹೂಡಿದಳು.
ತಕ್ಷಣ ಕೆಂಪು ಸಾಲು: ಈ ವಸ್ತು ಇನ್ನೊಂದು ಎಳೆಗೆ ಸೇರಿದ್ದು.

ಕನ್ನಡದಲ್ಲಿ ಎಳೆ ಎಂದರೆ ನೂಲು,
ಹಗ್ಗ ಹಿಡಿದವನಿಗೆ ಕೊಡುವ ಅಪ್ಪಣೆಯೂ ಹೌದು.
ನೆಸ್ತಾನ್‌ಗೆ ಇದು ಗೊತ್ತಿಲ್ಲ. ಗೊತ್ತಿದ್ದದ್ದು ವಠಾರ:
ಆ ಮನೆಯ ಪಾತ್ರೆಯನ್ನು ಈ ಮನೆಯವರು
ಗೋಡೆಯೊಳಗಿಂದ ಕೈ ತೂರಿಸಿ ಮುಟ್ಟುವಂತಿಲ್ಲ.
ಒಕ್ಕಲು ಬರುವವರು ಮೊದಲು ಹೆಸರು ಬರೆಸಬೇಕು,
ಅಣ್ಣ ಬರೆಸಿದ್ದಾನಲ್ಲ ಅಂದರೆ ನಡೆಯದು.
ಆಮೇಲೆ ವಸ್ತುವನ್ನು ಗಂಟು ಕಟ್ಟಿ
ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಬಿಡಬೇಕು.
ಆ ಗಂಟು ಬಿಚ್ಚುವುದು ಒಂದೇ ಸಲ.

ಮೂರನೇ ಮಹಡಿಯ ತ್ಸಿಯಾಲಾ ಹಾಗೇ ಮಾಡುತ್ತಿದ್ದಳು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ
ಅವರಿವರ ದನಿಗಳಿಗೆ ತಂತಿ ಚುಚ್ಚಿದ ಕೈ,
ಮೆಟ್ಟಿಲಿಳಿಯಲಾರದ ಮಂಡಿ.
ಬುಟ್ಟಿಯಲ್ಲಿ ತೊಳೆದ ಜಾಡಿ, ಜಾಡಿಯಲ್ಲಿ ಚಿಲ್ಲರೆ.
ವಾರ್ದೋ ಹಗ್ಗವನ್ನು ಎರಡು ಸಲ ಜಗ್ಗಿದರೆ
ಮೇಲಿನವಳು ಎಳೆಯುವಳು.

ಸಂಜೆಗೆ ಇನ್ನೊಂದು ಪೇಚು.
ಏಳು ಅಳತೆ ಸರಿಯಾಗಿ ಬಂದು, ಎಂಟನೆಯದಕ್ಕೆ ಮೌನ.
ದೀಪವೇನೋ ಮಿಟುಕುತ್ತಿದೆ. ತಪ್ಪು ಎಂಬ ಸಾಲೂ ಇಲ್ಲ.
ಹುಡುಕಿ ಹುಡುಕಿ ಕಂಡದ್ದು:
ಓಗೊಡುವವನನ್ನು ಹುಟ್ಟಿಸಿದಳೇ ಹೊರತು
ಯಾವ ಹೆಸರಿನ ಕೈಗೂ ಕೊಟ್ಟಿರಲಿಲ್ಲ.
ಯಾರೂ ಹಿಡಿದಿರದ್ದನ್ನು ಪೈಥಾನ್ ಗುಡಿಸುತ್ತದೆ,
ಸದ್ದಿಲ್ಲದೆ, ಕೇಳದೆ.

ಫೆಬ್ರುವರಿಯಲ್ಲಿ ತ್ಸಿಯಾಲಾ ತೀರಿಕೊಂಡಳು.
ವಾರ್ದೋಗೆ ಯಾರೋ ಹೇಳಿದ್ದಾರೆ, ಅವಳು ಅತ್ತದ್ದೂ ಉಂಟು.
ಆದರೂ ಚಪ್ಪರದಡಿ ಬಂದಾಗ
ಗಂಟಲು ತನ್ನಷ್ಟಕ್ಕೆ ಮೇಲಕ್ಕೆ ತಿರುಗುತ್ತದೆ:
"ತ್ಸಿಯಾಲಾ! ಮಾತ್ಸೋನಿ!"
ಒಂದು ಗಳಿಗೆ ನಿಂತು, ಮುಂದಿನ ಬಾಗಿಲಿಗೆ.

ನೆಸ್ತಾನ್ ಒಂದು ಸಾಲು ಸೇರಿಸಿದಳು, ಹಿಡಿದುಕೋ ಎಂದು.
ಕೊನೆಯಲ್ಲಿ ಇನ್ನೊಂದು:
ಹೊರಡುವ ಮುನ್ನ ಯಂತ್ರಕ್ಕೆ ಹೇಳಿ ಹೊರಡು,
ಇನ್ನು ಕೂಗಬೇಡ ಎಂದು.
ಇದನ್ನು ಎರಡು ಸಲ ಅಳಿಸಿ
ಮೂರನೇ ಸಲ ಉಳಿಸಿದಳು.

ಮಾರನೆಯ ಬೆಳಿಗ್ಗೆ ಮೂರನೇ ಮಹಡಿಯ ಹೆಸರು ಕೇಳಿದಾಗ
ಎರಡನೇ ಮಹಡಿಯ ಕಿಟಕಿ ತೆರೆಯಿತು.
ಹಗ್ಗ ಇರಲಿಲ್ಲ, ನೆಟ್‌ವರ್ಕ್ ಕೇಬಲ್ಲಿನ ತುದಿಗೆ
ಬಟ್ಟೆಯ ಚೀಲ ಕಟ್ಟಿ ಇಳಿಸಿದಳು.
ಅವಳಿಗೆ ಮೊಸರು ಒಗ್ಗುವುದಿಲ್ಲ.
ಜಾಡಿ ಪೆಟ್ಟಿಗೆಯ ಪಕ್ಕದಲ್ಲಿದೆ, ಮುಚ್ಚಳ ತೆಗೆದಿಲ್ಲ,
ಗಾಜಿನ ಮೇಲೆ ಹಸಿರು
ಬಂದು ಹೋಗಿ ಬಂದು.