ಇಪ್ಪತ್ತನೇ ಹಳಿ

ಮೂವತ್ತನಾಲ್ಕು ಎಳೆಯ ಪಟ್ಟಿ ತಂತಿ.
ಒಂದು ಮಾತಾಡುತ್ತದೆ,
ಪಕ್ಕದ್ದು ನೆಲ ಕಚ್ಚಿ ಸುಮ್ಮನಿರುತ್ತದೆ.
ಆ ಸುಮ್ಮನಿರುವವು ಇಲ್ಲದಿದ್ದರೆ
ಮಾತಾಡುವವು ಒಂದರ ಮೇಲೊಂದು ಬಿದ್ದು ಬರೀ ಗದ್ದಲ
ಎನ್ನುತ್ತಿದ್ದ, ನನಗೆ ಟಿವಿ ರಿಪೇರಿ ಕಲಿಸಿದ ಇದ್‌ವಾಲ್.
ಪಬ್ಬಿನಲ್ಲೂ ಅವನದು ಅದೇ ಮಾತು.

ಹೈಲ್ವೆನ್ ಡಿಸ್ಕ್ ತಂದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ,
ಬಟ್ಟೆ ಸುತ್ತಿ, ಮೊಟ್ಟೆ ತಂದ ಹಾಗೆ.
"ಗಣಿ ಕಾರ್ಮಿಕರ ಹಾಲಿನಲ್ಲಿತ್ತು. ಓದಲಿಕ್ಕಾಗುತ್ತಾ ನೋಡು."
ಕಂಪ್ಯೂಟರ್ ನನ್ನಲ್ಲಿತ್ತು, ಕಣಿವೆಯ ಕೆಳಗಿನ ಊರಲ್ಲೇ ಹುಟ್ಟಿದ್ದು;
ಹೆಸರು ಡ್ರ್ಯಾಗನ್. ಬೆಂಕಿ ಉಗುಳುವ ಮೊದಲೇ
ಕಂಪನಿ ಮುಳುಗಿತು.
ಡ್ರೈವ್ ಇನ್ನೆಲ್ಲಿಯದೋ.
ಇವೆರಡರ ನಡುವಿನ ಪೆಟ್ಟಿಗೆ ಮಾತ್ರ ಯಾರಲ್ಲೂ ಇಲ್ಲ.

ಮಾಡಿದೆ. ಫೆಬ್ರವರಿ ಪೂರ್ತಿ, ಅಡುಗೆಮನೆಯ ಮೇಜಿನ ಮೇಲೆ,
ರಾಳದ ಹೊಗೆಗೆಂದು ಕಿಟಕಿ ತೆರೆದು,
ಚಳಿಗೆ ಸೆಟೆದ ಬೆರಳಲ್ಲಿ ಬೆಸುಗೆ ಹಾಕುತ್ತ.
ಈ ತಂತಿಗಳ ಭಾಷೆ ತಲೆಕೆಳಗು:
ಐದು ವೋಲ್ಟ್ ಇದ್ದರೆ ಏನೂ ಇಲ್ಲ,
ಸೊನ್ನೆಗಿಳಿದರೆ ಹೌದು, ನಿನ್ನನ್ನೇ, ತಿರುಗು.
ಎರಡು ವಾರ ಅದನ್ನೇ ಮರೆತಿದ್ದೆ.
ಡ್ರೈವಿನ ಕೆಂಪು ದೀಪ ಆರದೆ ನನ್ನನ್ನೇ ನೋಡುತ್ತ ಕೂತಿತ್ತು.

ಆಮೇಲೆ ತುದಿಯ ರೆಸಿಸ್ಟರ್‌ಗಳು.
ಅವಿಲ್ಲದಿದ್ದರೆ ಕಳಿಸಿದ ಮಾತು ವಾಪಸು ಬರುತ್ತದೆ,
ಎದುರು ಗುಡ್ಡಕ್ಕೆ ಕೂಗಿದ ಹಾಗೆ.
ನೂರೈವತ್ತು ಓಮ್. ಸತ್ತ ಟಿವಿಗಳಿಂದ ಕಿತ್ತು ಹಾಕಿದೆ.

ತಿರುಗಿತು. ಸೆಕೆಂಡಿಗೆ ಐದು ಸುತ್ತು.
ಓದುವ ತಲೆ ಟಕಟಕ ಹಿಂದೆ ಸರಿದು, ಕೊನೆಯ ಗೋಡೆಗೆ ಹಾಯ್ದು,
ಎಣಿಸುತ್ತ ಬಂತು ಇಪ್ಪತ್ತನೇ ಹಳಿಗೆ.
ಕಲ್ಲಿದ್ದಲು ರೈಲಿನ ಹಳಿ ಕಿತ್ತು ಎಷ್ಟೋ ವರ್ಷ,
ಅಲ್ಲೀಗ ಸೈಕಲ್ ಓಡಿಸುತ್ತಾರೆ.
ಈ ಹಳಿ ಇತ್ತು.

ಹಸಿರು ಪರದೆಯ ಮೇಲೆ ಕಪ್ಪು ದಪ್ಪಕ್ಷರ:
ಎಂಬತ್ತನಾಲ್ಕರ ಮುಷ್ಕರ, ವಾರವಾರದ ರೇಷನ್.
ಮನೆ ನಂಬರು, ಹೆಸರು, ಆಲೂಗಡ್ಡೆ, ಬೀನ್ಸ್ ಡಬ್ಬಿ, ಮಕ್ಕಳ ಬೂಟು.
ಹನ್ನೊಂದನೇ ಮನೆ ನಮ್ಮದು.
ಆಲೂಗಡ್ಡೆ ಐದು ಪೌಂಡು. ಐದು. ಐದು.
ನವೆಂಬರಿನ ಎರಡನೇ ವಾರ ಅಪ್ಪ
ಕಿಟಕಿಗೆ ಜಾಲರಿ ಹೊಡೆದ ಬಸ್ಸು ಹತ್ತಿ ಗಣಿಗೆ ಹೋದ.
ಅಲ್ಲಿಂದ ಸೊನ್ನೆ.
ಸೊನ್ನೆ, ಸೊನ್ನೆ, ಮಾರ್ಚಿನವರೆಗೂ
ಯಾರೋ ಪ್ರತಿ ಶುಕ್ರವಾರ ಕೂತು
ಅಪ್ಪನ ಹೆಸರಿನ ಮುಂದೆ ಅದನ್ನು ಒತ್ತಿದ್ದಾರೆ.

ಬೀದಿಯಲ್ಲಿ ಆ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ.
ಪೆಟ್ಟಿಗೆ ಎತ್ತಲೂ ಆರು ಜನ ಸಿಗದೆ
ದುಡ್ಡು ಕೊಟ್ಟು ಕರೆಸಿದೆವು.

ಹೈಲ್ವೆನ್ ಕನ್ನಡಕ ಏರಿಸಿ ಓದಿದಳು,
ಬಹಳ ಹೊತ್ತು ಬೀನ್ಸಿನ ಲೆಕ್ಕವನ್ನೇ ಓದಿದಳು.
"ಸಾಲು ಅಳಿಸೋದು ಹೇಗೆ ಅಂತ
ನನಗೆ ಗೊತ್ತಿರಲಿಲ್ಲ" ಅಂದಳು, ನನ್ನ ಕಡೆ ತಿರುಗದೆ.

ಡಿಸ್ಕ್ ಸುತ್ತುತ್ತಲೇ ಇತ್ತು.
ಮೋಟಾರಿನ ತಂತಿ ಇನ್ನೂ ಸೊನ್ನೆಯಲ್ಲೇ ಇತ್ತು.