ಕೂಗು, ಚೀಟಿ

ಓಜುರ್ಗೇತಿಯ ಗ್ರಂಥಾಲಯದ ಮಹಡಿಯಲ್ಲಿ
ಮಂಗಳವಾರ ಸಂಜೆ. ಕಂಪ್ಯೂಟರು ಏಳು, ಜೀವವಿರುವುದು ಆರಕ್ಕೆ.
ಐದನೆಯದರ ಮುಂದೆ ನಾಜಿಬ್ರೋಲಾ,
ಅರವತ್ತೊಂದು ತುಂಬಿದವಳು, ಕನ್ನಡಕಕ್ಕೆ ದಾರ ಕಟ್ಟಿಕೊಂಡವಳು,
ಪರದೆಗೆ ಬೆರಳು ತಿವಿದು ಕರೆಯುತ್ತಾಳೆ:
"ಮಾಮುಕಾ, ನಿನ್ನ ಯಂತ್ರ ಸುಳ್ಳು ಹೇಳುತ್ತದೆ."

ಮೂರು ಸಾಲಿನ ಫಂಕ್ಷನ್ನು. ಹೆಸರು ತೂಕ.
ಬುಟ್ಟಿಯ ಭಾರ ಕಳೆದು ಎಲೆಯ ಭಾರ ಹೇಳಬೇಕು.
ಹೇಳಿತು: ಹದಿನೇಳು.
ಅದಕ್ಕೆ ನಿನ್ನೆಯ ಒಂಬತ್ತು ಕೂಡಿಸು ಅಂದರೆ
ಕೆಂಪಕ್ಷರದಲ್ಲಿ ಜಗಳ:
ಏನೂ ಇಲ್ಲದ್ದಕ್ಕೆ ಒಂಬತ್ತು ಕೂಡಿಸಲು ಬಾರದು.

"ಏನೂ ಇಲ್ಲವೆ? ಇಗೋ, ಕಣ್ಣೆದುರೇ ಹದಿನೇಳು!"

ನಾನು ಎಂದಿನ ಪಾಠ ತೆಗೆದೆ.
ಪ್ರಿಂಟ್ ಅಂದರೆ ತೋರಿಸುವುದು, ರಿಟರ್ನ್ ಅಂದರೆ ಮರಳಿಸುವುದು;
ಕಿಟಕಿ ಅಂದೆ, ಬಾಗಿಲು ಅಂದೆ,
ಕಾಫಿ ಯಂತ್ರದ ಚಿತ್ರ ಬರೆದು ಬಾಣ ಎಳೆದೆ.
ಹಿಂದಿನ ಸಾಲಿನ ಹುಡುಗ ಆಕಳಿಸಿದ.
ಅವಳು ಬಾಣದ ತುದಿಯನ್ನೇ ನೋಡುತ್ತಿದ್ದವಳು
ಇದ್ದಕ್ಕಿದ್ದಂತೆ ತಾಯಿಯ ಸುದ್ದಿ ಎತ್ತಿದಳು.

"ಚಹಾ ಕಾರ್ಖಾನೆ ಇನ್ನೂ ಹೊಗೆ ಬಿಡುತ್ತಿದ್ದ ಕಾಲ.
ತಕ್ಕಡಿಯ ಹತ್ತಿರ ನಿಂತು ಗೆರೊಂತಿ
ಗುಡ್ಡಕ್ಕೆ ಕೇಳುವ ಹಾಗೆ ಕೂಗಿದ:
ಕ್ಸೇನಿಯಾ, ಹದಿನೇಳು!
ಸಾಲಿನಲ್ಲಿದ್ದವರೆಲ್ಲ ಭಲೇ ಅಂದರು. ಅಮ್ಮ ನಕ್ಕಳು.
ಚೀಟಿ ಬರೆಯುವವನು ಆ ಹೊತ್ತಿಗೆ ಸಿಗರೇಟಿಗೆ ಹೋಗಿದ್ದ.
ಸಂಬಳದ ದಿನ ನೋಡಿದರೆ
ಅವಳ ಹೆಸರಿನ ಮುಂದೆ ಬರೀ ಒಂದು ಗೆರೆ.
ಕೂಗಿದ್ದು ಊರಿಗೆಲ್ಲ ಗೊತ್ತು, ಬುಟ್ಟಿ ಹೊತ್ತ ಕತ್ತೆಗೂ ಗೊತ್ತು;
ಕಿಂಡಿಯಾಚೆ ಕೂತವನು ಕೈ ಚಾಚಿದ್ದು ಚೀಟಿಗೆ."

ಅಷ್ಟು ಹೇಳಿ ಪ್ರಿಂಟ್ ಅಳಿಸಿದಳು.
ಒಂದೊಂದೇ ಅಕ್ಷರ ಹುಡುಕಿ ರಿಟರ್ನ್ ಕುಟ್ಟಿದಳು.
ಓಡಿಸಿದಳು.
ಪರದೆ ತುಟಿ ಬಿಚ್ಚಲಿಲ್ಲ.
"ಇದೀಗ ಮೂಗಿಯಾಯಿತಲ್ಲೋ!"
ಕೊಟ್ಟಿದೆ, ಅಂದೆ. ಇಸಿದುಕೊಳ್ಳುವವರು ಬೇಕು.

ಇವತ್ತು ಅಂತ ಹೆಸರಿಟ್ಟು ಇಸಿದುಕೊಂಡಳು.
ಒಂಬತ್ತು ಕೂಡಿಸಿದಳು. ಜಗಳವಿಲ್ಲ.
ಆಸೆ ತಡೆಯದೆ ರಿಟರ್ನಿನ ಕೆಳಗೊಂದು ಪ್ರಿಂಟ್ ತುರುಕಿದಳು,
ಅದು ಉಸಿರೇ ಎತ್ತಲಿಲ್ಲ.
"ಚೀಟಿ ಕೊಟ್ಟಮೇಲೆ ಗೆರೊಂತಿ ಮನೆಗೆ ಹೋದ,"
ಅಂತ ತಾನೇ ನಕ್ಕು
ಕೂಗನ್ನು ಫಂಕ್ಷನ್ನಿನ ಹೊರಗೆ, ಕೊನೆಯ ಸಾಲಿಗೆ ಒಯ್ದು ಇಟ್ಟಳು.
"ಕೂಗದೆ ಇರುವುದು ನಮ್ಮಿಂದಾಗದು,
ಗುರಿಯಾ ಸೀಮೆಯವರು ನಾವು."
ಇಪ್ಪತ್ತಾರು, ಅಂತು ಪರದೆ. ಅವಳೂ ಅಂದಳು, ಅದಕ್ಕಿಂತ ಜೋರಾಗಿ.

ಕೆಳಗೆ ಬೀಗದ ಕೈ ಸದ್ದಾಯಿತು.
ಎಲ್ಲರೂ ಕೋಟು ಏರಿಸಿಕೊಳ್ಳುತ್ತಿದ್ದಾಗ
ಅವಳು ಬಸ್ ಟಿಕೇಟಿನ ಬೆನ್ನ ಮೇಲೆ ಬರೆಯುತ್ತಿದ್ದಳು:
ಕ್ಸೇನಿಯಾ, ೧೭.
ಎರಡು ಸಲ ಮಡಚಿ ಚೀಲಕ್ಕಿಟ್ಟಳು.
ಯಾರಿಗೆ ಕೊಡುವುದಕ್ಕೆ ಎಂದು
ನಾನು ಕೇಳಲಿಲ್ಲ.