ಮಣ್ಣ ಸಾಣಿಸಾಕಿ

ನಾಲ್ಕಕ್ಕ ಏಳತೀನಿ. ಬೆಟಗೇರಿ ಮಗ್ಗ ಇನ್ನೂ ಎದ್ದಿರಂಗಿಲ್ಲ.
ಕಪ್ಪತಗುಡ್ಡದ ಬದಿಯ ಎರಿ ಹೊಲದ ಮಣ್ಣು,
ನಡಮಟ ಅಗದು ತಗದದ್ದು, ಗೊಬ್ಬರ ಕಾಣದ್ದು,
ಎಂಟು ದಿನ ಬಿಸಲುಂಡದ್ದು,
ಕುಟ್ಟಿ, ಸಾಣಿಸಿ, ಹರಳು ಆರಿಸಿ
ರಾತ್ರೀನ ನೆನಿ ಇಟ್ಟಿರತೀನಿ.
ಮುಂಜಾನಿ ಕೈ ಹಾಕಿದರ
ಮೊಣಕೈತನಾ ಚಳಿ ಏರತೈತಿ.

ರೊಟ್ಟಿ ಹಿಟ್ಟಿನಂಗ ನಾದು, ಆದ್ರ
ಸಿಟ್ಟಿಲೆ ನಾದಬ್ಯಾಡ ಫಕೀರವ್ವ, ಅಂತಾರ ಡಾಕ್ಟರಬಾಯಿ.
ಮಣ್ಣಿಗೆ ಸಿಟ್ಟು ಗೊತ್ತಾಗತೈತೇನು ಅಂತ ನಗತಿದ್ದೆ.
ಗೊತ್ತಾಗತೈತಿ.
ಮಗಳ ಕೂಡ ಜಗಳಾಡಿದ ದಿನ
ಗಂಟು ಉಳಿತಾವು.

ಹೋದ ಶ್ರಾವಣದಾಗ ಬಂದ ಹುಚ್ಚೀರಪ್ಪ,
ಸ್ಟೇಷನ್ ರೋಡಿನ ಮಿರ್ಚಿ ಗಾಡಿಯಂವ.
ಎದಿಯಾಗ ಉರಿ, ಗಂಟಲದಾಗ ಹುಳಿ,
ಕಿಸೆದಾಗ ಗುಳಗಿ ಚೀಟಿ,
ಬಸ್ ಟಿಕೀಟಿನಂಗ ನಾಕು ಮಡಚಿ.
ಎಲ್ಲಿ ನೋಯತೈತಿ ಅಂತ ಕೇಳತಾರಂತ ಕುಂತಿದ್ದ.
ಬಾಯಿ ಕೇಳಿದ್ರು:
"ಮಧ್ಯಾಹ್ನ ಎಷ್ಟಕ್ಕ ಉಣತೀರಿ?"

ಊರಿಗೆಲ್ಲ ತಿನಿಸಿದಂವ ಸುಮ್ಮನಾದ.
ಮುರದ ಮಿರ್ಚಿ, ಒಡದ ಮಿರ್ಚಿ,
ಮಾರಾಕ ಬರದ್ದನ್ನೆಲ್ಲ ನಿಂತಲ್ಲೆ ನುಂಗಿ
ಮೂವತ್ತು ವರ್ಷ ಎಣ್ಣಿ ಮುಂದ ಕಳದಿದ್ದ.
"ಯಾರೂ ಕೇಳಿದ್ದಿಲ್ರಿ ಇದನ್ನ" ಅಂದ,
ಅಂದು, ಗ್ವಾಡಿ ಕಡೆ ಹೊಳ್ಳಿದ.

ಹೊಟ್ಟಿ ಮ್ಯಾಲ ಮಣ್ಣಿನ ಪಟ್ಟಿ ಇಟ್ಟೆ,
ಹಿಡದ ಗುಬ್ಬಿಯಂಗ ನಡಗಿತು.
"ಥಂಡ್ ಐತಬೇ ಯವ್ವಾ!"
"ಇರಲಿ ಬಿಡೋ, ನಿನ್ನ ಕಡಾಯಿ ಆರಾಕತ್ತೈತಿ."

ಒಂದು ದಿನ ಎಳನೀರು, ಒಂದು ದಿನ ಲಿಂಬಿ ಜೇನು.
ಕನಸಿನ್ಯಾಗ ಕಡ್ಲಿಹಿಟ್ಟು ಕಲಸಿದನಂತ ರಾತ್ರಿಯೆಲ್ಲಾ.
ನಾಕನೇ ದಿನ ಗೇಟಿನಾಗ ಸಿಕ್ಕ,
ವಾಚ್‌ಮನ್ ಕೈಯಾಗ ಗಿರ್ಮಿಟ್ಟಿಗೆ ರೊಕ್ಕ ಇಡೂ ಹೊತ್ತಿಗೆ.
ಬಾಯಿ ಬೈಲಿಲ್ಲ, ಬಾಜೂಕ ಕುಂತ್ರು.
"ಹಸಿವೋ, ರೂಢಿಯೋ? ಹೊಟ್ಟೀನ್ನ ಕೇಳ್ರಿ."
ಅಂವ ಖರೇನ ಕೇಳಿಕೋತ ಕುಂತ ಬೇವಿನ ಬುಡಕ.
ನೆರಳು ಸರದು ಬಿಸಲು ಬಂದ್ರೂ ಏಳಲಿಲ್ಲ.

ಬಾಯಿ ಅಂತಿರತಾರ: ಬ್ಯಾನಿ ಅಂದ್ರ ಬಾಜೂ ಮನಿಯಾಕಿ,
ಹಾಲು ಉಕ್ಕಾಕತ್ತೈತಿ ಬಾರs ಅಂತ ಕದ ಬಡಿಯಾಕಿ.
ಆಕೀನ್ನ ಬೈದು ಅಟ್ಟಿದ್ರ
ಒಲಿ ಮ್ಯಾಲಿನ ಹಾಲು ಸುಮ್ಮನಿರತೈತೇನು?

ನನಗ ಪಸಂದ ಬಂದಿತ್ತು ಈ ಮಾತು.
ಬಂದವರಿಗೆಲ್ಲ ನಂದs ಅನ್ನೂವಂಗ ಹೇಳತಿದ್ದೆ,
ಮುಳಗುಂದದ ಆ ಹುಡುಗಿ ಬರೂತನಕ.
ಬಲಕ್ಕ, ಕೆಳಗ, ನೋವು. ಪಟ್ಟಿ ಹಿಡಕೊಂಡು ನಿಂತಿದ್ದೆ ನಾ.
ಬಾಯಿ ಒತ್ತಿ ಕೈ ಬಿಟ್ರು, ಹುಡುಗಿ ಚೀರಿತು.
"ಮಣ್ಣು ಆಚಿ ಇಡು ಫಕೀರವ್ವ. ಗಾಡಿ ಕರಿ.
ಇದು ಮನೀಗೇ ಹತ್ತಿದ ಬೆಂಕಿ."
ದೀಪ ಹಚ್ಚೂದ್ರಾಗ ಹುಬ್ಬಳ್ಳಿ ದೊಡ್ಡ ದವಾಖಾನಿ.
ಕೊಯ್ದ್ರು. ಉಳೀತು.

"ಹಂಗಾರ ನಮ್ಮ ಮಣ್ಣು ಸೋತಂಗಲ್ರಿ?" ಅಂದೆ.
ಬಾಯಿ ಚಪ್ಪಲಿ ಬಿಡಕೋತ,
"ಹೊಲದವರು ಅವರು, ಖರೆ.
ಕೂಡಿಕೊಂಡದ್ದು ಚರ್ಮ.
ಅದಕ ಯಾರು ಕಲಿಸಿದ್ರು?"
ಅಂದು ಒಳಗ ಹೋದ್ರು. ನಾ ರಾತ್ರಿ ನಿದ್ದಿ ಮಾಡಲಿಲ್ಲ.
ನನ್ನ ಬಟ್ಟಿನ ಹಳೇ ಗಾಯದ ಗುರ್ತು
ಕತ್ತಲದಾಗ ಮುಟ್ಟಿ ಮುಟ್ಟಿ ನೋಡಿದೆ.

ಹನ್ನೊಂದು ವರ್ಷ ತಣ್ಣೀರಾಗಿನ ಕೈ ಇವು.
ಸಂದಿಗೊಂದು ನೋವು,
ಮಳಿಗಾಲಕ್ಕ ಸೆರಗಿನ ಗುಂಡಿನೂ ಹಾಕಾಕ ಬರಂಗಿಲ್ಲ.
ಬಾಯಿಗೆ ಹೇಳಿಲ್ಲ. ಹೇಳಿದ್ರ ಮಣ್ಣು ಬಿಡು ಅಂತಾರ.

ಮೊನ್ನೆ ಹುಚ್ಚೀರಪ್ಪ ಬಂದಿದ್ದ.
"ಉರಿ ಹೋತೇನೋ?"
"ಅರ್ಧ ಹೋತು. ಅರ್ಧ ನಂದs ತಪ್ಪು.
ದೀಪಾವಳ್ಯಾಗ ತಡಕೊಳ್ಳಾಕ ಆಗಲಿಲ್ಲ."
ಗಾಡಿಗೆ ಈಗ ಒಂದು ಸ್ಟೂಲ್ ಹಾಕ್ಯಾನಂತ,
ಒಂದಕ್ಕ ಒಲಿ ಆರಿಸಿ ಕುಂತು ಉಣತಾನಂತ,
ಗಿರಾಕಿ ಬೈಕೋತ ನಿಂದರತಾರಂತ.
ಹೊಂಟಂವ ಹೊಳ್ಳಿ ನಿಂತ, ನನ್ನ ಕೈ ನೋಡಿದ.
"ಯವ್ವಾ, ನೀ ಎಷ್ಟಕ್ಕ ಉಣತಿ?"

ಬುಟ್ಟಿಯಾಗಿಂದ ಕೈ ತಗದೆ.
ಗಡಿಯಾರ ನೋಡಿದೆ.
ಮೂರು ಹೊಡದು ಹೋಗಿತ್ತು.